ಕಡಲ ದಂಡೆಯ ಮೇಲೆ ನಮ್ಮ ಗುಂಡಿಮಗ್ಗ

ಆ ಊರಿಗೆ ಇಳಿದ ಮೊದಲ ಸಂಜೆಯೇ ನಮ್ಮ ಮನೆಯವರು ಐಸ್‌ಕ್ರೀಮ್ ಮಾರುವವನ ಜೊತೆ ಜಗಳಕ್ಕೆ ನಿಂತರು. ಟರ್ಕಿ ದೇಶದ ದಕ್ಷಿಣದ ಅಂಚು, ಮೆಡಿಟರೇನಿಯನ್ ಸಮುದ್ರದ ದಂಡೆ. ಆ ಕಡೆಯ ಜನರೆಲ್ಲ ರಜೆ ಕಳೆಯಲು ಬರುವ ಊರು. ಐಸ್‌ಕ್ರೀಮಿನವನು ಉದ್ದನೆಯ ಕಬ್ಬಿಣದ ಕೋಲಿನ ತುದಿಗೆ ಐಸ್‌ಕ್ರೀಮ್ ಅಂಟಿಸಿ ಕೊಡಲು ಬರುತ್ತಿದ್ದ, ಇವರು ಕೈ ಚಾಚಿದರೆ ಮೇಲಕ್ಕೆ ಎತ್ತುತ್ತಿದ್ದ. ಮತ್ತೆ ಕೊಡುತ್ತಿದ್ದ, ಹಿಡಿದರೆ ಇವರ ಕೈಯಲ್ಲಿ ಖಾಲಿ ಬಿಸ್ಕತ್ತಿನ ಕೋನು. ಸುತ್ತ ನಿಂತವರೆಲ್ಲ ನಗುತ್ತಿದ್ದರು. ಅದು ಅಲ್ಲಿಯ ಆಟವಂತೆ, ಎಲ್ಲರಿಗೂ ಹಾಗೇ ಮಾಡುತ್ತಾರಂತೆ. ಇವರಿಗೆ ಅದೆಲ್ಲ ಎಲ್ಲಿ ಗೊತ್ತು! ನಾಲ್ಕನೇ ಸಲಕ್ಕೆ ಮುಖ ಕೆಂಪಗಾಯಿತು. "ಲೇ, ಕೊಡ್ತೀಯೋ ಇಲ್ವೋ ಒಂದು ಮಾತು ಹೇಳು! ದುಡ್ಡು ಕೊಟ್ಟಿಲ್ವೇನು ನಾನು?" ಎಂದು ಮೊಳಕಾಲ್ಮೂರಿನ ಸಂತೆಯಲ್ಲಿ ಕೂಗಿದ ಹಾಗೇ ಕೂಗಿದರು. ಅವನಿಗೆ ಖುಷಿಯೋ ಖುಷಿ. ಕೊನೆಗೆ ಕೊಟ್ಟ, ಜೊತೆಗೆ ನನಗೂ ಒಂದು ಪುಕ್ಕಟೆ ಕೊಟ್ಟ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇವರು ಐಸ್‌ಕ್ರೀಮ್ ಮುಗಿಯುವವರೆಗೂ ನನ್ನ ಜೊತೆ ಮಾತು ಬಿಟ್ಟರು.

ಊರೆಂದರೆ ಊರು ಅದು. ಸಾಲಿಗೆ ಸಾಲು ಛತ್ರಿ, ಛತ್ರಿಯ ಕೆಳಗೆ ಮಲಗಿದ ಜನ. ಎಳ್ಳು ಹಚ್ಚಿದ ಬಳೆಯಾಕಾರದ ರೊಟ್ಟಿಯನ್ನು ತಲೆಯ ಮೇಲೆ ಹೊತ್ತು ಮಾರುವವರು, ಸುಟ್ಟ ಜೋಳದ ತೆನೆಯ ಗಾಡಿ, ದಾಳಿಂಬೆ ಹಿಂಡಿ ಕೊಡುವವರು, ಹಾಡು ಹಾಕಿಕೊಂಡು ಕುಣಿಯುತ್ತಾ ಹೋಗುವ ದೋಣಿಗಳು. ನನ್ನ ವಯಸ್ಸಿನ ಹೆಂಗಸರು, ನನಗಿಂತ ಹಿರಿಯರು, ಅಂಗೈಯಗಲದ ಬಟ್ಟೆ ತೊಟ್ಟು ಇಸ್ಪೀಟು ಆಡುತ್ತಿದ್ದರು. ಅಯ್ಯೋ ಶಿವನೇ ಎಂದು ಮೊದಲ ಸಂಜೆ ತಲೆ ತಗ್ಗಿಸಿಕೊಂಡೇ ನಡೆದೆ. ಅದೇ ಹೆಂಗಸರ ಕೈಗೆ ಆಮೇಲೆ ರಾಟೆ ಕೊಟ್ಟು ರೇಷ್ಮೆ ಸುತ್ತಿಸಿದೆನೆಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ನಾವು ಅಲ್ಲಿಗೆ ರಜೆ ಕಳೆಯಲು ಹೋದವರಲ್ಲ. ಇವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು. ಆ ಊರಿನಲ್ಲಿ ಬೇಸಿಗೆಗೊಮ್ಮೆ ಕೈಕಸುಬಿನ ಮೇಳ ನಡೆಯುತ್ತದೆ. ಬೇರೆ ಬೇರೆ ದೇಶದ ಕುಂಬಾರರು, ಬುಟ್ಟಿ ಹೆಣೆಯುವವರು, ನೇಕಾರರು ಬಂದು ದಂಡೆಯ ಮೇಲೆ ಡೇರೆ ಹಾಕಿ ಏಳು ದಿನ ಜನರ ಮುಂದೆ ಕೆಲಸ ಮಾಡಬೇಕು. ನಮ್ಮ ಮಗ್ಗವನ್ನು ನೋಡಿಕೊಂಡು ಹೋಗಿದ್ದವರೊಬ್ಬರು ಇವರ ಹೆಸರು ಕೊಟ್ಟಿದ್ದರು. ಕರೆ ಬಂತು. ಕಾಗದದಲ್ಲಿ ಇವರು ಕಲಾವಿದರು, ನಾನು ಜೊತೆಗೆ ಬರುವವಳು. ಇರಲಿ ಬಿಡಿ.

ಜೊತೆಗೆ ಬರುವವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಸೀರೆಯ ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು. ಒಂದು ಸಾಲು ನೇಯಲು ಮೂರು ಲಾಳಿ ಓಡಬೇಕು. ಎಡದ ಅಂಚು ಮತ್ತು ಒಡಲಿನ ಲಾಳಿ ಇವರದು, ಬಲದ ಅಂಚಿನ ಲಾಳಿ ನನ್ನದು. ನೆಲದಲ್ಲಿ ಸೊಂಟದುದ್ದದ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಇಬ್ಬರೂ ಪಕ್ಕ ಪಕ್ಕ ಕೂರುತ್ತೇವೆ. ಅದೇ ಗುಂಡಿಮಗ್ಗ. ಇವರು ಲಾಳಿ ಎಸೆದು "ಊಂ" ಎನ್ನುತ್ತಾರೆ, ನಾನು ಎಸೆಯುತ್ತೇನೆ. ಸಾಲು ಎಣಿಸುವುದು ಮಾತ್ರ ತೆಲುಗಿನಲ್ಲಿ, ಒಕಟಿ, ರೆಂಡು, ಮೂಡು ಎಂದು. ಆಂಧ್ರದ ಗಡಿ ಕೂಗಳತೆಯಲ್ಲಿರುವ ನಮ್ಮೂರಿನಲ್ಲಿ ಎಣಿಕೆಗೆ ತೆಲುಗು, ಬೈಗುಳಕ್ಕೆ ಕನ್ನಡ. ಹೀಗೆ ಇಪ್ಪತ್ತೇಳು ವರ್ಷ ಎಸೆದಿದ್ದೇನೆ.

ಇಪ್ಪತ್ತೇಳು ವರ್ಷದಲ್ಲಿ ನನ್ನ ಮೈಗೆ ಒಂದು ಮೊಳಕಾಲ್ಮೂರು ಸೀರೆ ಬಿದ್ದಿಲ್ಲ. ರೇಷ್ಮೆ ಕೊಡುವವರು ಬೇರೆ, ನೇಯುವವರು ನಾವು, ಉಡುವವರು ಇನ್ನಾರೋ. ಸೀರೆ ಮಗ್ಗದಿಂದ ಇಳಿದ ದಿನವೇ ಮನೆ ಬಿಡುತ್ತದೆ. ನನ್ನ ಮದುವೆಗೂ ಚಳ್ಳಕೆರೆಯ ಅಂಗಡಿಯಲ್ಲಿ ತಂದ ಮಿಲ್ಲಿನ ಸೀರೆಯೇ. ಅದಕ್ಕೆ ಮಗಳ ಮದುವೆ ಗೊತ್ತಾದ ದಿನ ನಾನು ಇವರಿಗೆ ಖಡಾಖಂಡಿತವಾಗಿ ಹೇಳಿದ್ದೆ: "ಧಾರೆ ಸೀರೆ ಅಂತ ಒಂದಿದ್ರೆ ಅದು ನಮ್ಮ ಮಗ್ಗದ್ದೇ. ಕೊಂಡ ಸೀರೆ ಉಡ್ಸಿದ್ರೆ ನಾನು ಮಂಟಪದ ಹತ್ರ ಬರಾಕಿಲ್ಲ, ನೋಡ್ರಿ."  ಇವರು ಮಾರನೇ ವಾರ ನಮ್ಮದೇ ದುಡ್ಡಿನಲ್ಲಿ ರೇಷ್ಮೆ ತಂದು ಮಗ್ಗಕ್ಕೆ ಹಾಸು, ಅಂದರೆ ಉದ್ದೆಳೆ, ಹೂಡಿದರು. ಅರಿಶಿನ ಬಣ್ಣದ ಒಡಲು, ಕುಂಕುಮದ ಅಂಚು, ಸೆರಗಿನ ತುಂಬ ಜರಿಯ ಹಣ್ಣು.

ಆ ಸೀರೆ ಅರ್ಧಕ್ಕಿಂತ ಮುಂದೆ ಹೋಗಿದ್ದಾಗ ಮೇಳದ ದಿನ ಬಂತು. ಎರಡು ಮೊಳ ಒಡಲು, ಆಮೇಲೆ ಇಡೀ ಸೆರಗು ಬಾಕಿ. ನಾವು ವಾಪಸು ಬಂದಿಳಿಯುವ ದಿನವೇ ಮನೆ ಮುಂದೆ ಮದುವೆಯ ಹಂದರ. ನಮ್ಮ ಮನೆತನದಲ್ಲಿ ಒಂದು ಕಟ್ಟು ಇದೆ, ಹಂದರ ಎದ್ದ ಮೇಲೆ ಮದುವೆ ಮುಗಿಯುವವರೆಗೆ ಮಗ್ಗದ ಸದ್ದು ಕೇಳಕೂಡದು. ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ನೆಂಟರಿಗೆ ಚಾಪೆ ಹಾಸುತ್ತೇವೆ. ಅಂದರೆ ಸೀರೆ ಆ ಏಳು ದಿನದಲ್ಲಿ, ಆ ದೂರದ ದಂಡೆಯ ಮೇಲೇ ಮುಗಿಯಬೇಕು. ಇಲ್ಲದಿದ್ದರೆ ಮಗಳಿಗೂ ಅಂಗಡಿಯ ಸೀರೆಯೇ.

"ಹೋಗೋದೇ ಬ್ಯಾಡ," ಎಂದೆ ನಾನು. ಮಗಳು ಕೇಳಲಿಲ್ಲ. ಅವಳು ಚಳ್ಳಕೆರೆ–ಮೊಳಕಾಲ್ಮೂರು ಬಸ್ಸಿನ ಕಂಡಕ್ಟರು. ಐವತ್ತು ಜನ ಕೂರುವ ಬಸ್ಸಿಗೆ ಎಂಬತ್ತು ಜನರನ್ನು ಹತ್ತಿಸಿ, ಎಲ್ಲರ ಬಾಯಿ ಮುಚ್ಚಿಸಿ ಕರೆದೊಯ್ಯುವ ಹುಡುಗಿಗೆ ಅಪ್ಪ ಅವ್ವ ಯಾವ ಲೆಕ್ಕ? "ಸುಮ್ನೆ ಹತ್ರಿ ವಿಮಾನ. ಸೀರೇನೂ ಹತ್ತಿಸ್ಕೊಂಡು ಹೋಗ್ರಿ. ಅವರಿಗೆ ನೇಯೋದು ನೋಡ್ಬೇಕು ತಾನೆ? ನನ್ನ ಸೀರೆ ನೇಯೋದನ್ನೇ ನೋಡ್ಲಿ. ಇಲ್ಲೀದು ನಾನು ನೋಡ್ಕೊಂತೀನಿ," ಎಂದಳು.

ನೇಯ್ದ ಸೀರೆ ಸುತ್ತಿಕೊಳ್ಳುವ ಮಗ್ಗದ ಮರದ ಕುಂಟೆಯನ್ನು ವಿಮಾನಕ್ಕೆ ಹಾಕುವ ಹಾಗಿರಲಿಲ್ಲ. ಚಳ್ಳಕೆರೆಯಲ್ಲಿ ನನ್ನ ತವರಿನ ಪಕ್ಕದಲ್ಲೇ ಲಾರಿ ರಿಪೇರಿಯ ಮೇಸ್ತ್ರಿ ಒಬ್ಬರಿದ್ದಾರೆ, ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಅವರು ಅದರ ಬದಲಿಗೆ ಎರಡು ತುಂಡಾಗಿ ಬಿಚ್ಚುವ ಕಬ್ಬಿಣದ ಪೈಪು ಮಾಡಿಕೊಟ್ಟರು. "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಲಾರಿ ಆಕ್ಸಲ್ ಥರ ಗಟ್ಟಿ ಐತೆ. ಆರಾಮಾಗಿ ಸಮುಂದರ್ ನೋಡ್ಕೊಂಡು ಬರ್ರಿ," ಎಂದರು. ಹಾಸು, ಎಳೆ ಬಡಿಯುವ ಹಣಿಗೆ, ನೇಯ್ದ ಭಾಗ ಎಲ್ಲವನ್ನೂ ಬಿಡಿಸದೆ, ಬಾಣಂತಿ ಮನೆಯ ಕೂಸಿನ ಹಾಗೆ ಹಳೆಯ ಬಟ್ಟೆಯಲ್ಲಿ ಸುತ್ತಿ ನಾನು ತೊಡೆಯ ಮೇಲೇ ಇಟ್ಟುಕೊಂಡು ಹಾರಿದೆ. ಎರಡು ವಿಮಾನ. ಒಂದರಲ್ಲೂ ನಿದ್ದೆ ಮಾಡಲಿಲ್ಲ.

ಮೇಳದಲ್ಲಿ ನಮ್ಮ ನೆರವಿಗೆ ಒಬ್ಬ ಹುಡುಗಿಯನ್ನು ಕೊಟ್ಟಿದ್ದರು. ಹೈದರಾಬಾದಿನ ಕಡೆಯವಳು, ದಂಡೆಯ ಹೋಟೆಲೊಂದರಲ್ಲಿ ಕೆಲಸ. ನಮ್ಮ ತೆಲುಗು ಕೇಳಿ ಅವಳಿಗೆ ನಗು, ಅವಳ ತೆಲುಗು ಕೇಳಿ ನಮಗೆ ನಗು, ಆದರೂ ಕೆಲಸ ನಡೆಯಿತು. ಅವಳು ಮೊದಲ ದಿನ ಬೆಳಿಗ್ಗೆ ಹೆಮ್ಮೆಯಿಂದ ಡೇರೆಯ ಪರದೆ ಸರಿಸಿ ನಮಗಾಗಿ ತಂದಿಟ್ಟಿದ್ದ ಮಗ್ಗವನ್ನು ತೋರಿಸಿದಳು. ಚಂದದ ಮಗ್ಗ, ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಲ್ಲುವಂಥದ್ದು. ಇವರ ಮುಖ ನೋಡಿದೆ. ಅದಕ್ಕೆ ಒಬ್ಬರು ಕೂರುವಷ್ಟೇ ಪೀಠ.

ಆದರೂ ಪ್ರಯತ್ನಪಟ್ಟರು. ಹಾಸು ಕಟ್ಟಿದರು, ಕೂತರು. ನಾನು ಪಕ್ಕದಲ್ಲಿ ನಿಂತುಕೊಂಡು ಬಗ್ಗಿ ಲಾಳಿ ಎಸೆದೆ. ಇವರ ಕಾಲು ತುಳಿಗೋಲಿಗೆ ಸರಿಯಾಗಿ ಸಿಗಲಿಲ್ಲ, ನನ್ನ ಸೊಂಟ ಹತ್ತು ಸಾಲಿಗೇ ಹಿಡಿದುಕೊಂಡಿತು. ಜನ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಅವರಿಗೇನು ಗೊತ್ತು. ಮಧ್ಯಾಹ್ನದ ಹೊತ್ತಿಗೆ ಗೇಣು ಉದ್ದ ಬಂದಿತ್ತು. ಇವರು ಬೆರಳಿನಿಂದ ಅಂಚನ್ನು ಸವರಿ ನೋಡಿದರು. ಅಂಚು ಅಲೆ ಅಲೆಯಾಗಿ ಬಂದಿತ್ತು, ನೇಯ್ಗೆ ಸಡಿಲ. ಅಷ್ಟನ್ನೂ ಎಳೆ ಎಳೆಯಾಗಿ ಬಿಚ್ಚತೊಡಗಿದರು. ಅದಕ್ಕೂ ಜನ ಚಪ್ಪಾಳೆ ತಟ್ಟಿದರು.

"ಹಿಂಗೆ ನೇಯ್ದು ಮಗಳಿಗೆ ಉಡ್ಸೋ ಬದ್ಲು ಅಂಗಡೀದೇ ವಾಸಿ," ಎಂದರು ಇವರು.

ಎರಡನೇ ದಿನ ಬೆಳಿಗ್ಗೆ ಇವರು ಹೋಟೆಲಿನ ತೋಟದವನ ಹತ್ತಿರ ಸಲಿಕೆ ಇಸಿದುಕೊಂಡು ಬಂದರು. ಡೇರೆಯ ಮುಂದಿನ ಮರಳಿನಲ್ಲಿ ಅಳತೆ ಹಾಕಿದರು, ಇಬ್ಬರು ಕೂರುವಷ್ಟು ಅಗಲ, ಸೊಂಟದುದ್ದ ಆಳ. ಮೊಳಕಾಲ್ಮೂರಿನ ಕಲ್ಲುಭೂಮಿಯಲ್ಲಿ ಹಾರೆ ಹಾಕಿ ಗುಂಡಿ ತೋಡಿದವರಿಗೆ ಈ ಮರಳು ಬೆಣ್ಣೆ ಇದ್ದ ಹಾಗೆ. ನಾನು ಬುಟ್ಟಿಯಲ್ಲಿ ತುಂಬಿ ತುಂಬಿ ಆಚೆ ಹಾಕಿದೆ. "ಇಷ್ಟೇ ಕಣೇ, ನಿನ್ನೆಯೇ ಹೊಳೀಬೇಕಿತ್ತು," ಎಂದು ಇವರು ಹಾಡು ಗುನುಗುತ್ತಿದ್ದರು. ಮಂಡಿಯುದ್ದ ಆಗಿರಬೇಕು. ಹಾಡು ನಿಂತಿತು. ಬಗ್ಗಿ ನೋಡಿದರೆ ಇವರು ಗುಂಡಿಯೊಳಗೆ ನೀರಿನಲ್ಲಿ ನಿಂತಿದ್ದಾರೆ.

ನಗಬೇಡಿ. ನಮ್ಮ ಕಡೆಯ ಮನುಷ್ಯರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮಲ್ಲಿ ಬೋರ್ ಹಾಕಿಸುವಾಗ ತೆಂಗಿನಕಾಯಿ ಒಡೆದು, ಊರೆಲ್ಲ ಸುತ್ತ ನಿಂತು, ಧೂಳು ಕೆಸರಾಗುವುದನ್ನೇ ಕಾಯುತ್ತಾರೆ. ಹಗಲೆಲ್ಲ ಕಾದು ಬರಿ ಧೂಳು ತಲೆಗೆ ಹಾಕಿಕೊಂಡು ಮನೆಗೆ ಹೋದದ್ದೇ ಹೆಚ್ಚು. ನೆಲ ಅಗೆದರೆ ಮಣ್ಣು ಸಿಗುತ್ತದೆ, ಕಲ್ಲು ಸಿಗುತ್ತದೆ. ಸಲಿಕೆಯಲ್ಲಿ ಅಗೆದರೆ ನೀರು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾವು ಅವರ ಹಣೆ ಮುಟ್ಟಿ ನೋಡುತ್ತಿದ್ದೆವು. ಸಮುದ್ರ ಕಣ್ಣೆದುರಿಗೇ ಇತ್ತು, ಗಂಟಲು ಹರಿದು ಕೂಗುತ್ತಿತ್ತು. ಆದರೂ ನಮ್ಮ ತಲೆಗೆ ಹೋಗಲಿಲ್ಲ.

ಇವರು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. "ಥೂ! ಉಪ್ಪು ಕಣೇ!" ಎಂದು ಉಗಿದರು. ಆಮೇಲೆ ನನ್ನ ಮುಖ ನೋಡಿ ನಕ್ಕರು, ಪುಟ್ಟ ಹುಡುಗರ ಹಾಗೆ. "ಆದ್ರೂ ನೀರು ಬಿತ್ತಲ್ಲೇ! ಮಂಡಿಯುದ್ದಕ್ಕೇ ನೀರು!" ನನಗೂ ತಡೆಯಲಾಗಲಿಲ್ಲ. ನಾವಿಬ್ಬರೂ ಆ ಗುಂಡಿಯ ಪಕ್ಕದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಛತ್ರಿಯ ಕೆಳಗಿನವರೆಲ್ಲ ಎದ್ದು ಬಂದು ಗುಂಡಿಯೊಳಗೆ ಇಣುಕಿ, ಇದರಲ್ಲಿ ಅಂಥದ್ದೇನಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಗು ಮಧ್ಯಾಹ್ನದ ಹೊತ್ತಿಗೆ ಆರಿತು. ಸ್ವಲ್ಪ ಮೇಲೆ ಹೋಗಿ ಇನ್ನೊಂದು ಗುಂಡಿ ತೋಡಿದೆವು. ಅಲ್ಲಿಯೂ ನೀರು, ಒಂದು ಗೇಣು ಕೆಳಗೆ ಅಷ್ಟೇ. ಮೂರನೆಯದಕ್ಕೆ ಗೋಡೆ ಕುಸಿದು ಬಿತ್ತು. ದಂಡೆ ಕಾಯುವವನು ಸೀಟಿ ಊದಿಕೊಂಡು ಬಂದು, ಮಕ್ಕಳು ಬೀಳುತ್ತಾರೆ, ಮುಚ್ಚಿ ಎಂದ. ಮುಚ್ಚಿದೆವು. ಹಿಂದೆ ಕಲ್ಲು ಹಾಸಿದ ರಸ್ತೆ, ಅದರಾಚೆ ಹೋಟೆಲು, ಅಗೆಯಲು ಬಿಡುವ ನೆಲ ಆ ಊರಿನಲ್ಲಿ ಮರಳು ಬಿಟ್ಟರೆ ಬೇರೆಯಿಲ್ಲ. ಎರಡು ದಿನ ಕಳೆದಿತ್ತು, ಸೀರೆ ಒಂದೆಳೆಯೂ ಮುಂದೆ ಹೋಗಿರಲಿಲ್ಲ. ಇವರು ಸಲಿಕೆ ತೊಳೆದು ವಾಪಸು ಕೊಟ್ಟು ಬಂದರು. "ಸುತ್ತಿಡು. ಆ ಮಗ್ಗದ ಮೇಲೆ ಬೇರೆ ಏನಾದ್ರೂ ಬಟ್ಟೆ ನೇಯ್ದು ತೋರಿಸ್ತೀನಿ. ಇದು ನಮ್ಮ ಹಣೇಲಿ ಇಲ್ಲ," ಎಂದರು. ಮೊದಲ ಸಂಜೆ ಐಸ್‌ಕ್ರೀಮಿಗೆ ಜಗಳ ಆಡಿದ ಗಂಡಸೇ ಬೇರೆ, ಇದನ್ನು ಹೇಳಿದ ಗಂಡಸೇ ಬೇರೆ. ಇವರು ಬೈದಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆ. ಮೆಲ್ಲಗೆ ಹೇಳಿದ್ದಕ್ಕೆ ಅಳು ಬಂತು.

ಸಿಟ್ಟಿನಲ್ಲಿ ಒಬ್ಬಳೇ ಹೋಗಿ ದಂಡೆಯ ಮೇಲೆ ಕೂತೆ. ಸಮುದ್ರವನ್ನೂ ನಾಲ್ಕು ಮಾತು ಬೈದೆ, ಅದಕ್ಕೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ. ಎದುರಿಗೆ ಒಂದು ಕುಟುಂಬ, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ, ಮರಳಿನ ಕೋಟೆ ಕಟ್ಟುತ್ತಿದ್ದರು. ಅಜ್ಜಿ ಬಕೆಟ್ಟು ಬಕೆಟ್ಟು ಮರಳು ತಂದು ಸುತ್ತ ಗೋಡೆ ಏರಿಸುತ್ತಿದ್ದಳು. ನಡುವೆ ಒಂದು ಮಗು ಕಾಲು ಇಳಿಬಿಟ್ಟುಕೊಂಡು ಕೂತಿತ್ತು. ಗೋಡೆ ಅದರ ಸೊಂಟದವರೆಗೆ ಬಂದಿತ್ತು.

ನನ್ನ ಅಪ್ಪ ಮಗ್ಗ ಬಿಟ್ಟು ಚಳ್ಳಕೆರೆಯ ಮಂಡಿಯಲ್ಲಿ ಹಮಾಲಿಗೆ ಹೋದವನು. ಶೇಂಗಾ ಚೀಲ ಪೇರಿಸುವುದು ಅವನ ಕೆಲಸ. ಬುತ್ತಿ ತೆಗೆದುಕೊಂಡು ಹೋದಾಗಲೆಲ್ಲ ನೋಡುತ್ತಿದ್ದೆ. ಚೀಲದ ಬಾಯಿ ಒಳಮುಖ ಇರಬೇಕು, ಒಂದು ಸಾಲು ಅಡ್ಡ, ಅದರ ಮೇಲಿನ ಸಾಲು ಉದ್ದ, ಎರಡು ಚೀಲದ ಸಂದಿನ ಮೇಲೆ ಮೂರನೆಯದರ ಹೊಟ್ಟೆ ಕೂರಬೇಕು. ಹಾಗೆ ಪೇರಿಸಿದರೆ ಆಳೆತ್ತರದ ಗೋಡೆಯೂ ಅಲ್ಲಾಡುವುದಿಲ್ಲ. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆ "ಚೀಲ ಹೊರೋರ ಮನೆ ಹುಡುಗಿ, ರೇಷ್ಮೆ ಎಳೆ ಏನು ಹಿಡಿದಾಳು" ಎಂದು ಮೂತಿ ತಿರುವಿದ್ದರು. ಆ ಮಾತು ಎಷ್ಟೋ ವರ್ಷ ನನ್ನ ಹೊಟ್ಟೆಯಲ್ಲಿ ಉರಿದಿತ್ತು.

ಎದ್ದು ಓಡಿದೆ. ಇವರು ಡೇರೆಯಲ್ಲಿ ಹಣಿಗೆಗೆ ಬಟ್ಟೆ ಸುತ್ತುತ್ತಿದ್ದರು. "ರೀ, ಬಿಡ್ರಿ ಅದನ್ನ! ಗುಂಡಿ ಕೆಳಕ್ಕೆ ಯಾಕೆ ಇಳೀಬೇಕು? ನೆಲಾನೇ ಮೇಲಕ್ಕೆ ಎತ್ತಿದ್ರೆ ಆಗಲ್ವೇನ್ರಿ?"

"ನೆಲ ಎತ್ತೋಕೆ ನಿಮ್ಮಪ್ಪ ಬರ್ತಾನಾ?" ಎಂದರು.

"ಹೂಂ, ಬರ್ತಾನೆ. ನೋಡ್ತಿರ್ರಿ," ಎಂದೆ.

ಹೈದರಾಬಾದಿನ ಹುಡುಗಿ ಮಾರನೇ ಬೆಳಿಗ್ಗೆಯೇ ಹೋಟೆಲಿನ ಅಡುಗೆಮನೆಗೆ ಹೋಗಿ ಈರುಳ್ಳಿ, ಆಲೂಗಡ್ಡೆ, ಹಿಟ್ಟಿನ ಖಾಲಿ ಚೀಲಗಳನ್ನೆಲ್ಲ ಹೊತ್ತು ತಂದಳು. ಪಕ್ಕದ ಹೋಟೆಲುಗಳಿಂದಲೂ ತರಿಸಿದಳು. ಈರುಳ್ಳಿಯ ಜಾಳು ಚೀಲಗಳಿಗೆ ಹಿಟ್ಟಿನ ಚೀಲವನ್ನು ಒಳಗೆ ತೊಡಿಸಿ ಮರಳು ತುಂಬಿದೆವು. ಮೊದಲ ಚೀಲ ನಾನೇ ಬೆನ್ನ ಮೇಲೆ ಹೊತ್ತು ತಂದು ಇಟ್ಟೆ. ಅದನ್ನು ನೋಡಿದ್ದೇ ತಡ, ಕೋಟೆ ಕಟ್ಟಿದ್ದ ಅಜ್ಜಿ ತನ್ನ ಬಕೆಟ್ಟು ಎತ್ತಿಕೊಂಡು ಬಂದಳು. ಅವಳ ಹಿಂದೆ ಮೊಮ್ಮಕ್ಕಳು. ಇಸ್ಪೀಟಿನ ಹೆಂಗಸರು ಎಲೆ ಕೆಳಗಿಟ್ಟು ಎದ್ದರು. ಬಿಸಿಲಿಗೆ ಬೆಂದು ಟೊಮೆಟೊ ಬಣ್ಣಕ್ಕೆ ತಿರುಗಿದ್ದ ನಾಲ್ಕೈದು ದಢೂತಿ ಗಂಡಸರು ಬಂದರು. ಕುಂಬಾರರು, ಬುಟ್ಟಿಯವರು ತಮ್ಮ ತಮ್ಮ ಡೇರೆ ಬಿಟ್ಟು ಬಂದರು. ಕೊನೆಗೆ ನಿನ್ನೆ ಸೀಟಿ ಊದಿದವನೂ ಕೊರಳಿನ ಸೀಟಿಯನ್ನು ಬೆನ್ನ ಹಿಂದಕ್ಕೆ ತಿರುಗಿಸಿಕೊಂಡು ಚೀಲ ಹಿಡಿದ. ಐಸ್‌ಕ್ರೀಮಿನವನು ದೂರದಿಂದಲೇ ಗಂಟೆ ಬಾರಿಸಿ ಹುರುಪು ತುಂಬುತ್ತಿದ್ದ.

ಯಾರಿಗೂ ಯಾರ ಭಾಷೆಯೂ ಬರದು. ನಾನು ಮಾತ್ರ ಅಪ್ಪನ ಹಾಗೆ ಸೊಂಟದ ಮೇಲೆ ಕೈ ಇಟ್ಟು ಕನ್ನಡದಲ್ಲೇ ಕೂಗುತ್ತಿದ್ದೆ. "ಬಾಯಿ ಒಳಕ್ಕೆ! ಏ ಅಜ್ಜಿ, ಅಡ್ಡ ಇಡು, ಅಡ್ಡ! ಸಂದಿನ ಮೇಲೆ ಹೊಟ್ಟೆ ಬರ್ಲಿ!" ಎಲ್ಲರಿಗೂ ಅರ್ಥವಾಯಿತು. ಆ ದಢೂತಿ ಗಂಡಸೊಬ್ಬ ಚೀಲದ ಬಾಯಿ ಹೊರಗೆ ಮಾಡಿ ಇಟ್ಟಾಗ ಅಜ್ಜಿಯೇ ಅವನ ಕೈ ಮೇಲೆ ಒಂದು ಕೊಟ್ಟಳು. ಇವರು ಮೊದಲು ದೂರ ನಿಂತು ನೋಡಿದರು. ಎರಡನೇ ಸಾಲು ಕೂತ ಮೇಲೆ ಬಂದು ಕಾಲಿನಿಂದ ಒದ್ದು ನೋಡಿದರು. ಅಲ್ಲಾಡಲಿಲ್ಲ. ಪಂಚೆ ಎತ್ತಿ ಕಟ್ಟಿ ತಾವೂ ಸೇರಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಮೂರು ಕಡೆ ಸೊಂಟದೆತ್ತರದ ದಿಣ್ಣೆ, ನಡುವೆ ಒಣ ಮರಳಿನ ತಳ. ಎದುರಿಗೆ ಎರಡು ಗಟ್ಟಿ ಗೂಟ. ದಿಣ್ಣೆಯ ಮೇಲೆ ಹಲಗೆ ಹಾಸಿ ನಾವಿಬ್ಬರೂ ಪಕ್ಕ ಪಕ್ಕ ಕೂತೆವು. ಕಾಲು ಇಳಿಬಿಟ್ಟರೆ ತುಳಿಗೋಲು ಸರಿಯಾಗಿ ಪಾದಕ್ಕೆ ಸಿಕ್ಕಿತು. ಕೆಳಕ್ಕೆ ಇಳಿಯಬೇಕಿದ್ದ ಗುಂಡಿ ಮೇಲಕ್ಕೆ ಎದ್ದು ನಿಂತಿತ್ತು. ಚಳ್ಳಕೆರೆಯ ಮೇಸ್ತ್ರಿಯ ಪೈಪು ಜೋಡಿಸಿ ಹಾಸು ಬಿಗಿದರು. ಲಾಳಿ ಎಸೆದರು. "ಊಂ" ಎಂದರು. ನಾನು ಎಸೆದೆ. ಹಣಿಗೆ ಬಡಿದ ಸದ್ದು ನಮ್ಮ ಮನೆಯ ಸದ್ದೇ. ಹತ್ತು ಸಾಲು ಆದ ಮೇಲೆ ಇವರು ಅಂಚನ್ನು ಬೆರಳಿನಿಂದ ಸವರಿ ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ಬಂದಿದ್ದ ಕಣೇ," ಎಂದರು. ಅತ್ತೆಯ ಆ ಮಾತು ನನ್ನ ಹೊಟ್ಟೆಯಿಂದ ಇಳಿದು ಹೋದದ್ದು ಆಗಲೇ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಎಷ್ಟು ಖುಷಿಯಾಗಿದ್ದೆವು! ನಮ್ಮ ಮಗ್ಗ ಎತ್ತರದಲ್ಲಿದ್ದುದರಿಂದ ಇಡೀ ದಂಡೆಗೆ ಕಾಣುತ್ತಿತ್ತು. ಸಮುದ್ರದಲ್ಲಿ ಈಜುವವರೂ ನೀರಿನಿಂದ ತಲೆ ಎತ್ತಿ ಕೈ ಬೀಸುತ್ತಿದ್ದರು. ಇವರು ಒಕಟಿ, ರೆಂಡು ಎಂದರೆ ಕೆಳಗೆ ನಿಂತ ಮಕ್ಕಳೆಲ್ಲ ಮೂಡು ಎಂದು ಕೂಗುತ್ತಿದ್ದರು. ಟರ್ಕಿಯವರ ಮಾತಿನಲ್ಲೂ ಚಹಾಕ್ಕೆ ಚಾಯ್, ಸಾಬೂನಿಗೆ ಸಾಬೂನು, ಗಾಳಿಗೆ ಹವಾ ಎಂದು ಗೊತ್ತಾದ ಮೇಲೆ ನಾನು ಚಳ್ಳಕೆರೆಯ ಸಂತೆಪೇಟೆಯ ಉರ್ದುವನ್ನೆಲ್ಲ ಹೊರಗೆ ತೆಗೆದೆ. ಹತ್ತು ಪದ ಹೇಳಿದರೆ ಮೂರು ತಾಗುತ್ತಿದ್ದವು. ಅಷ್ಟಕ್ಕೇ ಅಂಗಡಿಯವರು ಕುರ್ಚಿ ಎಳೆದು ಕೂರಿಸಿ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು.

ತೊಂದರೆ ಇರಲಿಲ್ಲವೆಂದಲ್ಲ. ಸಮುದ್ರದ ಗಾಳಿಗೆ ಬೆಳಿಗ್ಗೆ ರೇಷ್ಮೆ ಎಳೆಗಳು ತೇವ ಕುಡಿದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನಮ್ಮೂರಿನ ಒಣಗಾಳಿಗೆ ಹುಟ್ಟಿ ಬೆಳೆದ ರೇಷ್ಮೆ, ಅದೇನು ಮಾಡೀತು ಪಾಪ. ಇಸ್ಪೀಟಿನ ಹೆಂಗಸರಲ್ಲೊಬ್ಬಳು ತನ್ನ ಕೋಣೆಯಿಂದ ಕೂದಲು ಒಣಗಿಸುವ ಯಂತ್ರ ತಂದಳು. ದಿನಾ ಬೆಳಿಗ್ಗೆ ನಮ್ಮ ಹಾಸಿನ ಎಳೆಗಳಿಗೆ, ಪಾರ್ಲರಿನಲ್ಲಿ ಮದುಮಗಳಿಗೆ ಮಾಡಿದ ಹಾಗೆ, ಬಿಸಿಗಾಳಿಯ ಉಪಚಾರ ಆಗುತ್ತಿತ್ತು. ಉಳಿದ ಹೆಂಗಸರು ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ಎಳೆ ಸುತ್ತುವುದನ್ನು ಕಲಿತರು. ಅವರ ಬಟ್ಟೆಯ ಮೇಲೆ ನನ್ನ ಕಣ್ಣು ಹೋಗುವುದು ಯಾವಾಗ ನಿಂತಿತೋ ನೆನಪಿಲ್ಲ. ಕೈ ಚುರುಕಾಗಿದೆಯೋ ಇಲ್ಲವೋ ಅಷ್ಟನ್ನೇ ನೋಡುತ್ತಿದ್ದೆ.

ಮಗಳು ದಿನಾ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಅವ್ವ, ಎಲ್ಲಿಗೆ ಬಂತು?" ಬಸ್ಸು ಎಲ್ಲಿಗೆ ಬಂತು ಎಂದು ಕೇಳುವ ಹಾಗೇ. ಒಡಲು ಮುಗಿದ ದಿನ, ಅವಳ ಬಸ್ಸಿನ ನಡುದಾರಿಯ ಊರು ಹಿಡಿದು, "ತಳಕು ದಾಟ್ತು" ಎಂದೆ. ಸೆರಗಿನ ಅರ್ಧ ಆದಾಗ "ಇನ್ನೇನು ಊರು ಕಾಣ್ತೈತೆ" ಎಂದೆ. ಏಳನೇ ದಿನ ಎದ್ದಾಗ ಇನ್ನೂ ಮೊಳದ ಮೇಲೆ ನಾಲ್ಕು ಬೆರಳು ಉಳಿದಿತ್ತು, ಅದೂ ಪೂರಾ ಜರಿ. ಆ ದಿನ ನಾವು ಊಟಕ್ಕೂ ಏಳಲಿಲ್ಲ. ಅಜ್ಜಿ ಎಳ್ಳು ರೊಟ್ಟಿ ಮುರಿದು ಬಾಯಿಗೇ ಇಟ್ಟಳು. ನನ್ನ ಬಲಗೈ ತೋಳು ಬಾತುಕೊಂಡಿತ್ತು, ಹೇಳಲಿಲ್ಲ. ಇವರ ಕಣ್ಣು ಕೆಂಡದ ಹಾಗಾಗಿತ್ತು, ನಾನು ಕೇಳಲಿಲ್ಲ. ಬಿಸಿಲು ಇನ್ನೂ ಜೋರಾಗಿದ್ದಾಗಲೇ ಕೊನೆಯ ಸಾಲು ಬಿತ್ತು. ಇವರು ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಇಪ್ಪತ್ತೇಳು ವರ್ಷದಲ್ಲಿ ಕತ್ತರಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಸೀರೆಯನ್ನು ಇಳಿಸಿದೆ. ದಂಡೆಗೆ ದಂಡೆಯೇ ಕೂಗಿತು.

ಮೇಳದ ಫೋಟೋದವನು ಬಂದ. ಸೀರೆಯನ್ನು ಯಾರಾದರೂ ಉಟ್ಟು ಸಮುದ್ರದ ಮುಂದೆ ನಿಲ್ಲಬೇಕು ಎಂದ. ಬಳುಕುವ ಹುಡುಗಿಯೊಬ್ಬಳನ್ನು ಕರೆದುಕೊಂಡೂ ಬಂದಿದ್ದ. "ಆಗಲ್ಲ, ಧಾರೆ ಸೀರೆ ಇದು," ಎಂದೆ. ನಮ್ಮಲ್ಲಿ ಧಾರೆ ಸೀರೆಯ ಮಡಿಕೆ ಮುರಿಯುವವಳು ಮದುಮಗಳೇ, ಅವಳಿಗಿಂತ ಮೊದಲು ಅದು ಬೇರೆ ಯಾರ ಮೈಗೂ ಬೀಳಕೂಡದು. ಅಷ್ಟರಲ್ಲಿ ಹೈದರಾಬಾದಿನ ಹುಡುಗಿಯ ಕೈಯಲ್ಲಿದ್ದ ಇವರ ಫೋನು ಬಡಿದುಕೊಂಡಿತು, ಮಗಳ ವಿಡಿಯೋ ಕಾಲು. ಮಾರನೇ ದಿನದಿಂದ ಅವಳಿಗೆ ಮದುವೆಯ ರಜೆ. ಆವತ್ತು ಕೊನೆಯ ಟ್ರಿಪ್ಪು, ತಳಕಿನಲ್ಲಿ ಬಸ್ಸು ನಿಂತಿತ್ತು. ಅವಳ ಭುಜದ ಮೇಲಿಂದ ಪ್ರಯಾಣಿಕರೆಲ್ಲ ಇಣುಕುತ್ತಿದ್ದರು. ಇವರು ಸೀರೆ ಬಿಡಿಸಿ ತೋರಿಸಿದರು. ಮಗಳು ಫೋನನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡು ಅಂಚಿನಿಂದ ಸೆರಗಿನವರೆಗೆ ನೋಡಿದಳು.

ಫೋಟೋದ ವಿಷಯ ಇವರೇ ಹೇಳಿದರು. ಮಗಳು, "ಯಾರಿಗೋ ಯಾಕಪ್ಪ? ಅವ್ವಂಗೆ ಉಡ್ಸು," ಎಂದಳು.

"ಹುಚ್ಚೇನೇ ನಿಂಗೆ? ನೀನು ಉಡೋದಕ್ಕೆ ಮುಂಚೆ ನಾನು ಉಡೋದಾ? ಜನ ಏನಂದಾರು!" ಎಂದು ಬೈದೆ.

"ಯಾವ ಜನ? ಇಲ್ಲೇ ಅವ್ರಲ್ಲ, ಕೇಳ್ತೀನಿ ಇರು." ಅವಳು ಹಿಂದಕ್ಕೆ ತಿರುಗಿ ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದಳು. "ಏನ್ರಪ್ಪಾ, ನಮ್ಮವ್ವ ನೇಯ್ದಿರೋ ಸೀರೆ ನಮ್ಮವ್ವ ಒಂದು ಸಲ ಉಟ್ಕೊಂಡ್ರೆ ನಿಮಗೇನಾರ ತಕರಾರು ಐತಾ?" ಇಡೀ ಬಸ್ಸು ಇಲ್ಲ ಎಂದು ಕೂಗಿತು. "ಕೇಳುಸ್ತಾ? ಅವ್ವ, ನೀನು ಉಟ್ಟು ಬಿಟ್ಟಿದ್ದನ್ನೇ ನಾನು ಉಡ್ತೀನಿ. ಹೊಸದು ನಂಗೆ ಬ್ಯಾಡ."

ಡೇರೆಯೊಳಗೆ ಅಜ್ಜಿ ಮತ್ತು ಇಸ್ಪೀಟಿನ ಹೆಂಗಸರು ಸುತ್ತ ಬಟ್ಟೆ ಹಿಡಿದು ನಿಂತರು. ನೆರಿಗೆ ಹಿಡಿದು ಸಿಕ್ಕಿಸಿಕೊಂಡೆ. ಇಷ್ಟು ವರ್ಷ ಬೆರಳಿಗೆ ಗೊತ್ತಿದ್ದ ಭಾರ ಮೈಗೆ ಗೊತ್ತಿರಲಿಲ್ಲ. ಹೊರಗೆ ಬಂದೆ. ಇವರು ಹಲಗೆಯ ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಕೆಳಗೆ ನೋಡಿದರು, ಮತ್ತೆ ನೋಡಿದರು. ಏನಾದರೂ ಚಂದದ ಮಾತು ಬರಬಹುದೆಂದು ಕಾದೆ. "ಸೆರಗು ಮರಳಿಗೆ ತಾಗ್ತೈತೆ, ಎತ್ಕೊ," ಎಂದರು. ಆಮೇಲೆ ನಾನು ಎತ್ತಿಕೊಳ್ಳುವ ಮೊದಲೇ ತಾವೇ ಬಂದು, ನಮ್ಮ ಬೀದಿಯಲ್ಲಿ ಹಾಸು ಚಾಚುವಾಗ ಹಿಡಿಯುವ ಹಾಗೆ, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನ ಹಿಂದೆ ನಡೆದರು.

ನೀರಿನ ಅಂಚಿಗೆ ಬಂದು ನಿಂತೆ. ಏಳು ದಿನ ಪಕ್ಕದಲ್ಲೇ ಇದ್ದೂ ಸಮುದ್ರಕ್ಕೆ ಕಾಲು ಇಟ್ಟಿರಲಿಲ್ಲ. ನೆರಿಗೆ ಎತ್ತಿ ಹಿಡಿದು ಒಂದು ಹೆಜ್ಜೆ ಇಟ್ಟೆ. ನೀರು ಬೆಚ್ಚಗಿತ್ತು. "ಸಾಕು, ಸಾಕು, ನೆನೀತೈತೆ ಸೀರೆ!" ಎಂದು ಹಿಂದಿನಿಂದ ಇವರು ಗಾಬರಿಯಲ್ಲಿ ಕೂಗಿದರು, ಸೆರಗನ್ನು ಇನ್ನಷ್ಟು ಮೇಲಕ್ಕೆ ಎತ್ತಿದರು. ನನ್ನ ಕಣ್ಣು ತುಂಬಿಕೊಂಡಿತ್ತು, ಎದುರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹೈದರಾಬಾದಿನ ಹುಡುಗಿ ಎತ್ತಿ ಹಿಡಿದಿದ್ದ ಫೋನಿನಿಂದ ಸೀಟಿಯ ಸದ್ದು ಬಂತು, ಅದರ ಹಿಂದೆ ಮಗಳ ದನಿ.

"ರೈಟ್, ರೈಟ್! ಮುಂದಕ್ಕೆ ಹೋಗವ್ವ!"

ನಾನು ಇನ್ನೊಂದು ಹೆಜ್ಜೆ ಇಟ್ಟೆ.